ಮನೆಯೊಳಗಿನ ಗಾಲಿಗಳು

ವಾಡಿ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಆಗ ಎರಡೇ ಬಾಡಿಗೆ ಕಾರುಗಳು ನಿಲ್ಲುತ್ತಿದ್ದವು. ಒಂದು ಫಕೀರಸಾಬನದು, ಇನ್ನೊಂದು ಖಂಡಪ್ಪನದು. ಎರಡೂ ಹಳೆಯ ಅಂಬಾಸಿಡರುಗಳು. ರೈಲಿನಿಂದಿಳಿದು ಚಿತ್ತಾಪುರಕ್ಕೋ ಸೇಡಮ್ಮಿಗೋ ಹೋಗುವ ಅಧಿಕಾರಿಗಳು, ಲಗ್ನಕ್ಕೆ ಹೊರಟವರು, ದವಾಖಾನೆಗೆ ಹೋಗಬೇಕಾದ ರೋಗಿಗಳು, ಇವರೇ ಇಬ್ಬರಿಗೂ ಗಿರಾಕಿಗಳು. ಫಕೀರಸಾಬನಿಗೆ ಐವತ್ತು ದಾಟಿತ್ತು. ಖಂಡಪ್ಪ ಅವನಿಗಿಂತ ಬಹಳ ಸಣ್ಣವನು. ಕಾಗಿಣಾ ಹೊಳೆಯ ದಂಡೆಯ ಹಳ್ಳಿಯಿಂದ ಬಂದು, ಫಕೀರಸಾಬನ ಹತ್ತಿರವೇ ಗಾಡಿ ಓಡಿಸಲು ಕಲಿತು, ಆಮೇಲೆ ತನ್ನದೊಂದು ಗಾಡಿ ಮಾಡಿಕೊಂಡಿದ್ದ. ಫಕೀರಸಾಬನನ್ನು ಅವನು ಕಾಕಾ ಎಂದೇ ಕರೆಯುತ್ತಿದ್ದ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ, ಮಳೆಗಾಲದಲ್ಲಿ ಒಂದು ಮುಂಜಾನೆ ಫಕೀರಸಾಬ ಚಿಂಚೋಳಿಯ ಬಾಡಿಗೆ ಮುಗಿಸಿ ಬಂದಾಗ ಬಯಲಿನಲ್ಲಿ ಮಂದಿ ಕೂಡಿತ್ತು. ಖಂಡಪ್ಪನ ಗಾಡಿ ಕಲ್ಲಿನ ಮೇಲೆ ಕೂತಿತ್ತು. ನಾಲ್ಕೂ ಗಾಲಿ ಇರಲಿಲ್ಲ. ಬಯಲಿನಲ್ಲಿ ಬಿದ್ದಿದ್ದ ಪರ್ಸಿ ಕಲ್ಲಿನ ಚಪ್ಪಡಿಗಳನ್ನೇ ಒಂದರ ಮೇಲೊಂದು ಜೋಡಿಸಿ, ಗಾಡಿಯನ್ನು ಅವುಗಳ ಮೇಲೆ ಇಳಿಸಿ, ಗಾಲಿ ಬಿಚ್ಚಿಕೊಂಡು ಹೋಗಿದ್ದರು. ಗಾಡಿಯ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಎಷ್ಟು ಸಾವಕಾಶವಾಗಿ, ಎಷ್ಟು ಶಾಂತವಾಗಿ ಮಾಡಿದ್ದರೆಂದರೆ ಫಕೀರಸಾಬ ಒಡನೆ ತನ್ನ ಗಾಡಿಯ ಕಡೆ ತಿರುಗಿ ನೋಡಿದ.

ಖಂಡಪ್ಪ ಬೇವಿನ ಗಿಡದ ಬುಡದಲ್ಲಿ ಕೂತಿದ್ದ.

"ಕಾಕಾ, ರಾತ್ರಿ ನೀವು ಇರ್ಲಿಲ್ಲೇನು?" ಎಂದ.

"ಚಿಂಚೋಳಿಗಿ ಹೋಗಿದ್ದೆನಲ್ಲೋ. ನಿನಗ ಹೇಳೇ ಹೋಗಿದ್ದೆ."

"ಹೌದೌದು. ಹೇಳಿದ್ರಿ."

ಅಷ್ಟೇ ಮಾತು. ಆದರೆ 'ಹೇಳಿದ್ರಿ' ಎಂದು ಅವನು ನೆಲ ನೋಡುತ್ತ ಅಂದದ್ದು ಫಕೀರಸಾಬನ ಕಿವಿಯಲ್ಲಿ ಉಳಿಯಿತು. ಎರಡು ಗಾಡಿ ನಿಲ್ಲುವ ಜಾಗದಲ್ಲಿ ಒಂದು ಇಲ್ಲದ ರಾತ್ರಿಯೇ ಇನ್ನೊಂದರ ಗಾಲಿ ಹೋಗಿದ್ದವು. ಮಂದಿ ಏನೆನ್ನಬಹುದು ಎಂಬುದು ಅವನಿಗೆ ಆಗಲೇ ಹೊಳೆಯಿತು.

ಇಬ್ಬರೂ ಕೂಡಿ ಪೊಲೀಸ್ ಠಾಣೆಗೆ ಹೋದರು. ಜಮಾದಾರ ವಯಸ್ಸಾದವನು, ಕೆಟ್ಟವನಲ್ಲ. ಎಲ್ಲ ಕೇಳಿಕೊಂಡು ಹೇಳಿದ: "ಬರ್ಕೋತೀನಿ. ಆದ್ರ ಖಂಡಪ್ಪ, ಗಾಲಿ ಮ್ಯಾಲ ನಿನ್ನ ಹೆಸರು ಅದ ಏನು? ಎಲ್ಲಾ ಅಂಬಾಸಿಡರ್ ಗಾಲಿ ಒಂದೇ ನಮೂನಿ ಇರ್ತಾವ. ನಾಳಿ ನನ್ನ ಮುಂದೇ ನಿನ್ನ ಗಾಲಿ ಹಾಯ್ದು ಹೋದ್ರೂ ನನಗ ಹ್ಯಾಂಗ ಗೊತ್ತಾಗಬೇಕು?"

"ಹಂಗಾದ್ರ ನಾವು ಏನ್ ಮಾಡಬೇಕ್ರಿ, ಸಾಹೇಬ್ರ?" ಎಂದು ಫಕೀರಸಾಬ ಕೇಳಿದ.

"ಕಾಯ್ಕೋಬೇಕು."

"ಹಗಲೆಲ್ಲ ದುಡದು ರಾತ್ರೆಲ್ಲ ಕಾಯ್ದ್ರ ಮಲಗೋದು ಯಾವಾಗ್ರಿ?"

ಜಮಾದಾರ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದ. ಚಹಾ ತರಿಸಿದ.

ಆ ವರ್ಷ ಹೊಸ ಟಾಯರು ಸಿಗುವುದೇ ಕಷ್ಟವಾಗಿತ್ತು. ಅಂಗಡಿಯಲ್ಲಿ ಹೇಳಿಟ್ಟು ತಿಂಗಳುಗಟ್ಟಲೆ ಕಾಯಬೇಕು. ಅದೇ ಹೊತ್ತಿಗೆ ಗಣಿಯ ಕಡೆಯ ಕಲ್ಲಿನ ಬಂಡಿಗಳಿಗೆ ಕಟ್ಟಿಗೆಯ ಗಾಲಿ ತೆಗೆದು ರಬ್ಬರಿನ ಗಾಲಿ ಹಾಕುವುದು ಶುರುವಾಗಿತ್ತು. ಹೀಗಾಗಿ ಕದ್ದ ಗಾಲಿ ಬೆಳಗಾಗುವುದರೊಳಗೆ ಎಲ್ಲೋ ಉರುಳುತ್ತಿತ್ತು. ಖಂಡಪ್ಪನ ಗಾಲಿ ಹೋದ ಮೇಲೆ ಶಹಾಬಾದದಲ್ಲಿ ಕಾರ್ಖಾನೆಯ ಅಧಿಕಾರಿಯೊಬ್ಬನ ಕಾರಿನ ಎರಡು ಗಾಲಿ ಹೋದವು. ಆಮೇಲೆ ಚಿತ್ತಾಪುರದಲ್ಲಿ ಅಡತಿ ವ್ಯಾಪಾರಿಯೊಬ್ಬನವು. ಸೇಡಮ್ಮಿನಲ್ಲಿ ಲಗ್ನದ ಮನೆಯ ಮುಂದೆ, ಹಗಲಿನಲ್ಲಿ, ಬಾಜಾ ಬಾರಿಸುತ್ತಿರುವಾಗಲೇ ಒಂದು ಕಾರಿನ ಹಿಂದಿನ ಗಾಲಿ ಬಿಚ್ಚಿದರಂತೆ ಎಂದು ಸುದ್ದಿ ಬಂತು. ಪ್ರತಿ ಸುದ್ದಿ ಬಂದಾಗಲೂ ಫಕೀರಸಾಬ ಎದ್ದು ತನ್ನ ಗಾಡಿಯನ್ನು ಒಂದು ಸುತ್ತು ಹಾಕಿ ಬರುತ್ತಿದ್ದ.

ಅವನ ಮನೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಎದುರಿನಿಂದ ಎಮ್ಮೆ ಬಂದರೆ ಮನುಷ್ಯ ಗೋಡೆಗೆ ಒತ್ತಿ ನಿಲ್ಲಬೇಕಾದಂಥ ಓಣಿ. ಗಾಡಿಯನ್ನು ಮನೆಯ ಮುಂದೆ ತರುವಂತಿರಲಿಲ್ಲ. ಬಯಲಿನಲ್ಲೇ ಬಿಡಬೇಕು. ಗಾಡಿಯ ಬಾಗಿಲಿಗೆ ಕೀಲಿ ಇತ್ತು, ಡಿಕ್ಕಿಗೆ ಕೀಲಿ ಇತ್ತು, ಇಂಜಿನ್ ಚಾಲೂ ಮಾಡಲಿಕ್ಕೂ ಕೀಲಿ ಬೇಕಿತ್ತು. ಗಾಲಿಗೆ ಮಾತ್ರ ಯಾವ ಕೀಲಿಯೂ ಇರಲಿಲ್ಲ. ಒಂದು ಜಾಕು, ಒಂದು ಪಾನಾ ಇದ್ದರೆ ಯಾರು ಬೇಕಾದರೂ ನಟ್ಟು ತಿರುವಿ ಬಿಚ್ಚಿಕೊಂಡು ಹೋಗಬಹುದಿತ್ತು.

ಮೊದಲು ಅವನು ಉಳಿಯಿಂದ ಪ್ರತಿ ಗಾಲಿಯ ಒಳಮೈಗೆ ಒಂದೊಂದು ಗುರುತು ಹೊಡೆದ. ಆಮೇಲೆ ಗಾಡಿಯ ಸುತ್ತ ಜಾಲಿಯ ಮುಳ್ಳು ಹಾಕಿದ. ಆ ಮುಳ್ಳನ್ನು ಯಾರೋ ಒಲೆಗೆ ಒಯ್ದರು. ಒಂದು ಬೀದಿನಾಯಿಗೆ ರೊಟ್ಟಿ ಹಾಕಿ ರೂಢಿ ಮಾಡಿಸಿದ. ಅದು ರೊಟ್ಟಿ ತಿಂದು ಸ್ಟೇಷನ್ನಿನ ಕಡೆ ಹೋಗಿ ಮಲಗುತ್ತಿತ್ತು. ಕಡೆಗೆ ದಪ್ಪ ಸರಪಳಿಯೊಂದನ್ನು ತಂದು ಗಾಲಿಗಳ ನಡುವೆ ಹಾಯಿಸಿ ಬೀಗ ಜಡಿದ. ನಾಲ್ಕಾರು ರಾತ್ರಿ ಸುಖವಾಗಿ ಮಲಗಿದ. ಆಮೇಲೊಂದು ಮುಂಜಾನೆ ಹೋಗಿ ನೋಡಿದರೆ ಸರಪಳಿ ಇರಲಿಲ್ಲ. ಗಾಲಿಗಳಿದ್ದವು. ಮುಂದಿನ ಎಡಗಾಲಿಯ ನಟ್ಟುಗಳನ್ನು ಅರ್ಧ ತಿರುವಿ ಹಾಗೇ ಬಿಟ್ಟು ಹೋಗಿದ್ದರು. ಏನೋ ಸಪ್ಪಳ ಕೇಳಿ ಓಡಿರಬೇಕು. ಅವನು ಆ ಸಡಿಲ ನಟ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ತಾನು ಮಲಗಿದ್ದಾಗ ಯಾರದೋ ಕೈ ಇಲ್ಲಿತ್ತು. ಆ ಕೈ ಮತ್ತೆ ಬಂದೇ ಬರುತ್ತದೆ ಎಂದು ಅವನಿಗೆ ಖಾತ್ರಿಯಾಯಿತು.

ಅಂದಿನಿಂದ ಅವನು ಗಾಡಿಯಲ್ಲೇ ಮಲಗತೊಡಗಿದ. ಮಲಗುವುದೆಂದರೆ ಹೆಸರಿಗೆ. ಎಲೆ ಅಲುಗಿದರೂ ಎದ್ದು ಕೂರುತ್ತಿದ್ದ. ಹೀಗೇ ನಿದ್ದೆಗೆಟ್ಟು, ಒಂದು ಮಧ್ಯಾಹ್ನ ರಾವೂರಿನ ಹತ್ತಿರ ಗಾಡಿ ಓಡಿಸುತ್ತಲೇ ಕಣ್ಣು ಮುಚ್ಚಿದ. ಎಚ್ಚರವಾದಾಗ ಕಲ್ಲು ತುಂಬಿದ ಬಂಡಿಯೊಂದು ಮುಖದ ಮುಂದೆಯೇ ಇತ್ತು. ಗಾಡಿ ರಸ್ತೆ ಬಿಟ್ಟು ಹೊಲಕ್ಕಿಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಮುದುಕ ಮಾತಾಡದೆ ಇಳಿದು, ತನ್ನ ಚೀಲ ಎತ್ತಿಕೊಂಡು ನಡೆದುಕೊಂಡೇ ಹೋದ.

ಆ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಇಮಾಮ್‌ಬೀ ಊಟಕ್ಕೆ ಬಡಿಸುವಾಗ ಹೇಳಿದಳು:

"ಇವತ್ತಿನಿಂದ ನೀವು ಮನ್ಯಾಗ ಮಲಗ್ರಿ. ಗಾಲಿ ಹೋದ್ರ ಹೋಗ್ಲಿ. ನೀವು ಹೋದ್ರ ನಾವೇನ್ ಮಾಡಬೇಕು?"

"ಗಾಲಿ ಹೋದ್ರ ಬೀಬೀನ್ನ ದವಾಖಾನಿಗಿ ಹ್ಯಾಂಗ ಒಯ್ಯೋದು, ಅದನ್ನ ಹೇಳು."

ಇಮಾಮ್‌ಬೀ ರೊಟ್ಟಿಯ ಬುಟ್ಟಿ ಮುಂದೆ ಸರಿಸಿದಳು. ಮನೆಯಲ್ಲಿ ಬೀಬಿ ಎಂದು ಕರೆಯುವ ಮಗಳು ಬಿಬಿಜಾನ್ ಚೊಚ್ಚಲ ಹೆರಿಗೆಗೆ ಚಿಂಚೋಳಿಯ ಗಂಡನ ಮನೆಯಿಂದ ಬಂದಿದ್ದಳು. ಹಿಂದಿನ ವಾರ ಅವಳನ್ನು ಶಹಾಬಾದದ ದವಾಖಾನೆಗೆ ತೋರಿಸಿದ್ದರು. ಅಲ್ಲಿಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಮಲಗಿದೆ, ನೋವು ಶುರುವಾದ ಕೂಡಲೇ ಕರೆದುಕೊಂಡು ಬನ್ನಿ, ಸೂಲಗಿತ್ತಿಯನ್ನು ನೆಚ್ಚಿ ಮನೆಯಲ್ಲಿ ಕೂರಬೇಡಿ ಎಂದು ಎರಡು ಸಲ ಹೇಳಿದ್ದಳು. ಖಂಡಪ್ಪನ ಗಾಡಿ ಕಲ್ಲಿನ ಮೇಲಿತ್ತು. ಊರಿನಲ್ಲಿ ಉರುಳುವ ಕಾರು ಇದೊಂದೇ. ಬಿಬಿಜಾನಳಿಗೆ ನೋವು ಬಂದ ದಿನವೇ ತನ್ನ ಗಾಡಿಯೂ ಕಲ್ಲಿನ ಮೇಲೆ ಕೂತಿರುತ್ತದೆ ಎಂಬ ಭಯ ಫಕೀರಸಾಬನ ತಲೆಯಲ್ಲಿ ಮನೆ ಮಾಡಿತ್ತು. ನಮಾಜಿಗೆ ನಿಂತರೂ ಅದೇ, ಉಣ್ಣಲು ಕೂತರೂ ಅದೇ.

ಕೈ ತೊಳೆಯುವಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಕಳ್ಳರು ಬಿಚ್ಚುವ ಮೊದಲು ತಾನೇ ಬಿಚ್ಚಿ ಒಳಗಿಟ್ಟುಕೊಂಡರೆ?

ಅಂದಿನಿಂದ ದಿನಾ ಕೆಲಸ ಮುಗಿದ ಮೇಲೆ ಅವನು ಗಾಡಿಯನ್ನು ಜಾಕಿನಿಂದ ಎತ್ತಿ, ಪರ್ಸಿ ಕಲ್ಲಿನ ಮೇಲೆ ಕೂರಿಸಿ, ಗಾಲಿಗಳನ್ನು ಒಂದೊಂದಾಗಿ ಓಣಿಯಲ್ಲಿ ಉರುಳಿಸಿಕೊಂಡು ಮನೆಗೆ ತರುತ್ತಿದ್ದ. ನಟ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಗೂಡಿನಲ್ಲಿಡುತ್ತಿದ್ದ. ಮುಂಜಾನೆ ಎಲ್ಲವನ್ನೂ ಮತ್ತೆ ಹಾಕಬೇಕು. ಒಂದೇ ಕೋಣೆಯ ಮನೆ. ಬಿಬಿಜಾನ್ ಮಲಗುವ ಹೊರಸಿನ ಕಾಲ ಬಳಿ ನಾಲ್ಕು ಗಾಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಮನೆಯೆಲ್ಲ ರಬ್ಬರು ಮತ್ತು ರಾಡಿಯ ವಾಸನೆ.

"ಅಬ್ಬಾ, ಕೂಸಿಗಿ ತೊಟ್ಟಿಲ ಕಟ್ಟಾಕ ಜಾಗಾನೇ ಉಳದಿಲ್ಲ ನೋಡ್ರಿ," ಎಂದು ಬಿಬಿಜಾನ್ ನಕ್ಕಳು.

"ಕೂಸು ಬರೋತನಕ ಅಷ್ಟ, ಬೇಟಾ."

"ನೋವು ರಾತ್ರಿ ಬಂದ್ರ?"

"ಅನ್ನ ಬೇಯೋದ್ರೊಳಗ ಹಾಕ್ತೀನಿ. ನಂದು ಕೈ ಪಳಗೇದ ಈಗ."

ಅವನು ಸುಳ್ಳು ಹೇಳಿರಲಿಲ್ಲ. ಕೈ ಪಳಗಿತ್ತು. ಗಾಲಿ ಒಳಗೆ ಬಂದ ಮೇಲೆ ಅವನಿಗೆ ನಿದ್ದೆಯೂ ಬರತೊಡಗಿತ್ತು.

ಆದರೆ ಒಂದು ಸಂಜೆ ಅವನು ಗಾಲಿ ಬಿಚ್ಚುವಾಗ ಖಂಡಪ್ಪ ಬಂದು ಹತ್ತಿರ ನಿಂತ. ಗಾಲಿ ಹೋದ ಮೇಲೆ ಅವನು ಸ್ಟೇಷನ್ನಿನಲ್ಲಿ ಹಮಾಲರ ಜೊತೆ ಗಂಟು ಹೊರುತ್ತಿದ್ದ. ಬಿಚ್ಚಿಟ್ಟ ಗಾಲಿಗಳನ್ನು ನೋಡಿ ಕೇಳಿದ:

"ಕಾಕಾ, ಊರಾಗ ಈಗ ಗಾಲಿ ಇಲ್ಲದಾಂವ ನಾ ಒಬ್ಬನೇ. ನೀವು ಯಾರಿಗಂಜಿ ಬಿಚ್ಚಿ ಒಯ್ಯಾಕತ್ತೀರಿ?"

ಫಕೀರಸಾಬ ಪಾನಾ ಕೆಳಗಿಟ್ಟ. "ನಿನಗಂಜಿ ಅಂತ ತಿಳಕೊಂಡಿ ಏನು?"

"ಮಂದಿ ಹಂಗ ಅನ್ನಾಕತ್ಯಾರ."

"ಮಂದಿ ನನಗೂ ಅಂದಾರ. ನಾ ಚಿಂಚೋಳಿಗಿ ಹೋದ ರಾತ್ರೀನೇ ನಿನ್ನ ಗಾಲಿ ಹೋದ್ವು ಅಂತ. ನೀ ಏನಂತಿ ಅದಕ್ಕ?"

ಖಂಡಪ್ಪ ಸ್ಟೇಷನ್ನಿನ ಕಡೆ ತಿರುಗಿದ. 'ಇಲ್ಲ' ಎಂದೊಂದು ಮಾತು ಅಂದಿದ್ದರೆ ಸಾಕಾಗುತ್ತಿತ್ತು. ಅವನು ಅನ್ನಲಿಲ್ಲ. ಅವನು ಹೋದ ಮೇಲೆ ಫಕೀರಸಾಬ ಕತ್ತಲಾಗುವ ತನಕ ಗಾಡಿಯ ಹತ್ತಿರವೇ ಕೂತ. ಇಷ್ಟು ವರ್ಷ ಜೊತೆಗೆ ಗಾಡಿ ನಿಲ್ಲಿಸಿದವರ ನಡುವೆ ಒಂದು ರಾತ್ರಿಯಲ್ಲಿ ಏನೋ ಬಂದು ಕೂತಿತ್ತು, ಅದನ್ನು ಎಬ್ಬಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಬಿಬಿಜಾನಳಿಗೆ ದಿನ ತುಂಬಲು ಇನ್ನೂ ಎರಡು ವಾರವಿದ್ದಾಗ, ಒಂದು ದಿನ ಮಧ್ಯಾಹ್ನದಿಂದಲೇ ಮೋಡ ಕವಿದು ಜೋರು ಮಳೆ ಬಿತ್ತು. ಗಿರಾಕಿಗಳಿಲ್ಲದೆ ಫಕೀರಸಾಬ ಹೊತ್ತಿಗೆ ಮುಂಚೆಯೇ ಗಾಲಿಗಳನ್ನು ಬಿಚ್ಚಿ ಮನೆಗೆ ತಂದಿಟ್ಟು, ಮಳೆ ನಿಂತ ಮೇಲೆ ಮಸೀದಿಗೆ ಹೋದ. ನಮಾಜು ಮುಗಿಸಿ ಮೆಟ್ಟಿಲು ಇಳಿಯುವಾಗ ಪಕ್ಕದ ಮನೆಯ ಅಮೃತಮ್ಮ ಸೆರಗು ಹಿಡಿದುಕೊಂಡು ಓಡಿ ಬರುವುದು ಕಂಡಿತು. ಅವಳು ಬಾಯಿ ಬಿಡುವ ಮೊದಲೇ ಅವನಿಗೆ ತಿಳಿಯಿತು.

"ಬೀಬಿಗಿ ನೋವು ಬಂದಾವರಿ. ನೀರು ಹೋಗ್ಯಾವ. ಲಗೂ ಬರ್ರಿ."

"ಶಹಾಬಾದಕ್ಕ ರೈಲು ಅದ ಏನು?"

"ಸಂಜೀ ರೈಲು ಈಗಷ್ಟೇ ಹೋತರಿ. ಇನ್ನೊಂದು ಭಾಳ ತಡಾ ಅದ."

ಅವನು ಮನೆಗೆ ಓಡಿದ. ಬಿಬಿಜಾನ್ ಹೊರಸಿನ ಕಟ್ಟಿಗೆ ಹಿಡಿದು ಒಂದೇ ಮಗ್ಗುಲಲ್ಲಿ ಮಲಗಿದ್ದಳು. ಕೂಗುತ್ತಿರಲಿಲ್ಲ, ತುಟಿ ಕಚ್ಚಿಕೊಂಡಿದ್ದಳು. ಇಮಾಮ್‌ಬೀ ಗೂಡಿನ ಡಬ್ಬಿ ತೆಗೆಯಲು ಹೋದಾಗ ಅವಸರದಲ್ಲಿ ಅದು ಕೈಜಾರಿ ಕೆಳಗೆ ಬಿತ್ತು. ನಟ್ಟುಗಳು ಕೋಣೆಯ ತುಂಬ ಚೆಲ್ಲಿದವು. ಕೊಡದ ಹಿಂದೆ, ಹೊರಸಿನ ಕೆಳಗೆ, ಬಚ್ಚಲ ಕಂಡಿಯೊಳಗೆ. ಅಮೃತಮ್ಮ ಮತ್ತು ಇಮಾಮ್‌ಬೀ ಮೊಣಕಾಲೂರಿ ಹುಡುಕುತ್ತ, ಸಿಕ್ಕಷ್ಟನ್ನು ಉಡಿಗೆ ಹಾಕಿಕೊಂಡರು. ಅವನು ಗಾಲಿ ಉರುಳಿಸಿಕೊಂಡು ಬಯಲಿಗೆ ಓಡಿದ, ತಿರುಗಿ ಬಂದು ಇನ್ನೊಂದು ಒಯ್ದ. ಅಮೃತಮ್ಮ ನಟ್ಟುಗಳನ್ನು ಬಯಲಿಗೆ ತಂದು ಸುರಿದು ಮನೆಗೆ ಓಡಿದಳು.

ಮೂರು ಗಾಲಿ ಕೂತವು. ನಾಲ್ಕನೆಯದು ಮುಂದಿನ ಬಲಗಾಲಿ. ಮಳೆಗೆ ನೆಲ ಮೆತ್ತಗಾಗಿತ್ತು. ಜಾಕಿನ ಕೆಳಗೆ ಅಗಲದ ಕಲ್ಲು ಹಾಕಬೇಕೆಂದು ಅವನಿಗೆ ಗೊತ್ತಿತ್ತು. ದಿನಾ ಹಾಕುತ್ತಿದ್ದ. ಅಂದು ಹಾಕಲಿಲ್ಲ. ಗಾಡಿ ಅರ್ಧ ಏಳುವಷ್ಟರಲ್ಲಿ ಜಾಕು ಒಂದು ಕಡೆ ವಾಲಿತು. ಅವನು ಕೈ ಹಿಂದೆಳೆದುಕೊಂಡ. ಕೆಳಗಿದ್ದ ಪರ್ಸಿ ಕಲ್ಲು ಟಪ್ಪೆಂದು ಒಡೆದು, ಗಾಡಿಯ ಮೂಲೆ ಕೆಸರಿನೊಳಗೆ ಕುಸಿಯಿತು. ಜಾಕು ಅದರ ಅಡಿಯಲ್ಲಿ ಸಿಕ್ಕಿಕೊಂಡಿತು.

ಫಕೀರಸಾಬ ಕೆಸರಿನಲ್ಲಿ ಮೊಣಕಾಲೂರಿ ಜಾಕನ್ನು ಎಳೆದ. ಅದು ಅಲುಗಲಿಲ್ಲ. ಮಡ್‌ಗಾರ್ಡಿಗೆ ಹೆಗಲು ಕೊಟ್ಟು ಎತ್ತಲು ನೋಡಿದ. ಓಣಿಯ ಕಡೆಯಿಂದ ಮಗಳ ದನಿ ಈಗ ಕೇಳತೊಡಗಿತ್ತು. ಅವನು ಒಬ್ಬನೇ ಇದ್ದ. ಕಳ್ಳರಿಂದ ಉಳಿಸಿದ ಗಾಲಿ ಪಕ್ಕದಲ್ಲೇ ಒರಗಿ ನಿಂತಿತ್ತು, ಅದನ್ನು ಹಾಕಲು ಅವನಿಂದ ಆಗುತ್ತಿರಲಿಲ್ಲ.

ಕಲ್ಲು ಒಡೆದ ಸಪ್ಪಳಕ್ಕೆ ಸ್ಟೇಷನ್ನಿನ ಕಟ್ಟೆಯಿಂದ ಖಂಡಪ್ಪ ಎದ್ದು ಬಂದ. ಒಂದು ಕ್ಷಣ ನೋಡಿದ. ಏನಾಗಿದೆ ಎಂದು ಕೇಳಲಿಲ್ಲ. ತಿರುಗಿ ಹಮಾಲರನ್ನು ಕೂಗಿದ. ನಾಲ್ವರು ಬಂದರು. ಹಳಿಯ ಪಕ್ಕದಲ್ಲಿ ಬಿದ್ದಿದ್ದ ಒಂದು ದಪ್ಪ ತೊಲೆಯನ್ನು ತಂದು, ಗಾಡಿಯ ಅಡಿಗೆ ತೂರಿಸಿ, ಎಲ್ಲರೂ ಅದರ ಮೇಲೆ ಭಾರ ಬಿಟ್ಟರು. ಗಾಡಿ ಮೆಲ್ಲಗೆ ಮೇಲೆದ್ದಿತು.

"ಹಾಕ್ರಿ ಕಾಕಾ, ಹಾಕ್ರಿ. ನಾವು ಹಿಡದೀವಿ."

ಫಕೀರಸಾಬ ಗಾಲಿ ಕೂರಿಸಿ ನಟ್ಟು ತಿರುವಿದ. ಉಡಿಯಲ್ಲಿ ತಂದ ನಟ್ಟುಗಳಲ್ಲಿ ಒಂದೆರಡು ಕಡಿಮೆಯಿದ್ದವು. ಹುಡುಕಲು ಹೊತ್ತಿರಲಿಲ್ಲ. ಬಿಬಿಜಾನಳನ್ನು ಹೊರಸಿನ ಸಮೇತ ಎತ್ತಿ ತಂದು ಹಿಂದಿನ ಸೀಟಿನಲ್ಲಿ ಇಮಾಮ್‌ಬೀಯ ತೊಡೆಯ ಮೇಲೆ ಮಲಗಿಸಿದರು. ಫಕೀರಸಾಬ ಸ್ಟೇರಿಂಗಿನ ಮುಂದೆ ಕೂತ. ಕೀಲಿಗೆ ತೂತು ಸಿಗಲೇ ಇಲ್ಲ.

"ಸರೀರಿ ಕಾಕಾ. ನಾ ಹೊಡೀತೀನಿ," ಎಂದು ಖಂಡಪ್ಪ ಬಾಗಿಲು ತೆರೆದ.

ಹೊತ್ತು ಮುಳುಗುತ್ತಿರುವಾಗ ಗಾಡಿ ವಾಡಿ ಬಿಟ್ಟಿತು. ಖಂಡಪ್ಪ ಕುಣಿ ತಪ್ಪಿಸುತ್ತ, ಜೋರೂ ಅಲ್ಲದೆ ಮೆಲ್ಲಗೂ ಅಲ್ಲದೆ ಓಡಿಸಿದ. ಫಕೀರಸಾಬ ಮುಂದೆ ನೋಡುತ್ತಿರಲಿಲ್ಲ, ಕೇಳುತ್ತಿದ್ದ. ಹಿಂದಿನಿಂದ ಮಗಳ ಉಸಿರು, ಕೆಳಗಿನಿಂದ ಗಾಲಿಯ ಸಪ್ಪಳ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಗಾಲಿಯಿಂದ ಕಟ್ ಕಟ್ ಎಂದು ಶುರುವಾಯಿತು. ಇಬ್ಬರಿಗೂ ಕೇಳಿಸಿತು.

"ನಿಲ್ಲಸಬ್ಯಾಡ," ಎಂದ ಫಕೀರಸಾಬ.

"ನಟ್ಟು ಸಡ್ಲ ಆಗ್ಯಾವ, ಕಾಕಾ."

"ಹೋಗ್ತದ, ಹೊಡಿ. ಒಂದೀಟು ದೂರ ಅದ."

"ಗಾಲಿ ಕಳಚಿದ್ರ ಎಲ್ಲಾರೂ ಹೋಗ್ತೀವಿ," ಎಂದು ಖಂಡಪ್ಪ ಗಾಡಿ ನಿಲ್ಲಿಸಿ, ಪಾನಾ ಹಿಡಿದು ಇಳಿದೇಬಿಟ್ಟ. ಅವನು ನಟ್ಟು ಬಿಗಿಯುವಷ್ಟು ಹೊತ್ತು ಫಕೀರಸಾಬ ಡ್ಯಾಶ್‌ಬೋರ್ಡಿಗೆ ಹಣೆ ಒತ್ತಿ ಕೂತ. ಹಿಂದಿನಿಂದ ಬಿಬಿಜಾನ್, "ಅಬ್ಬಾ, ಯಾಕ ನಿಂತೀವಿ?" ಎಂದು ಕೇಳಿದಳು. ಅವನು ಹಿಂದೆ ತಿರುಗದೆ, "ಹೊಂಟೀವಿ ಬೇಟಾ, ಈಗ ಹೊಂಟೀವಿ," ಎಂದ.

ಮುಂದೆ ರೈಲ್ವೆ ಗೇಟು ಹಾಕಿತ್ತು. ಖಂಡಪ್ಪ ಓಡಿಹೋಗಿ ಗೇಟಿನವನನ್ನು ಬೇಡಿಕೊಂಡ. ಅವನು ಕೈ ಮುಗಿದು, ರೈಲು ಬಂದುಬಿಟ್ಟಿದೆ, ತೆಗೆಯಲು ಬರುವುದಿಲ್ಲ ಎಂದ. ಗೂಡ್ಸ್ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲವೇನೋ ಎಂಬಂತೆ. ಅದರ ಸದ್ದಿನಲ್ಲಿ ಮಗಳ ದನಿ ಕೇಳುವುದು ನಿಂತಿತು. ಅದು ಸದ್ದಿಗೆ ಮುಚ್ಚಿಹೋಯಿತೋ, ಅವಳೇ ಸುಮ್ಮನಾದಳೋ ತಿಳಿಯದೆ ಫಕೀರಸಾಬ ಹಿಂದೆ ತಿರುಗಿದ. ಬಿಬಿಜಾನ್ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಇಮಾಮ್‌ಬೀ ಸೀರೆಯ ತುದಿಯಿಂದ ಏನನ್ನೋ ಒರೆಸುತ್ತಿದ್ದಳು. ಅದು ರಕ್ತವೆಂದು ಅವನಿಗೆ ಆಮೇಲೆ ತಿಳಿಯಿತು.

ದವಾಖಾನೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ಒಯ್ಯಲು ಹೇಳಿದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಹೊಟ್ಟೆ ಕೊಯ್ದೇ ತೆಗೀಬೇಕು. ರಕ್ತ ಭಾಳ ಹೋಗಿದೆ. ಕೊಡುವವರು ಯಾರಿದ್ದೀರಿ?" ಎಂದಳು. ಫಕೀರಸಾಬ ತೋಳು ಚಾಚಿದ. ಪರೀಕ್ಷೆ ಮಾಡಿ ನೋಡಿದರೆ ಅವನ ರಕ್ತ ಮಗಳ ರಕ್ತಕ್ಕೆ ಕೂಡಲಿಲ್ಲ. ಇಮಾಮ್‌ಬೀ ಬಡಕಲಾಗಿದ್ದಳು, ಆಕೆಯದು ತೆಗೆಯಲು ಬರುವುದಿಲ್ಲ ಎಂದರು.

"ಹೊರಗ ಗಾಡಿ ಹತ್ರ ನಮ್ಮಾಂವ ಒಬ್ಬ ಇದ್ದಾನರಿ," ಎಂದ ಫಕೀರಸಾಬ.

ಖಂಡಪ್ಪ ಗಾಡಿಯ ಬಾನೆಟ್ಟಿಗೆ ಒರಗಿ ಕಾವಲು ನಿಂತಿದ್ದ. ಕರೆದ ಕೂಡಲೇ ಬಂದ. ಬಾಗಿಲಲ್ಲಿ ಒಂದು ಸಲ ನಿಂತು, "ಕಾಕಾ, ಗಾಡಿ?" ಎಂದ.

"ಇರ್ಲಿ ನಡಿ," ಎಂದ ಫಕೀರಸಾಬ.

ಖಂಡಪ್ಪನ ರಕ್ತ ಕೂಡಿತು. ರಕ್ತ ಕೊಟ್ಟು ಬಂದು ಅವನು ವರಾಂಡದ ಬೆಂಚಿನ ಮೇಲೆ ಮಲಗಿ, ದಣಿದದ್ದಕ್ಕೆ ಹಾಗೇ ನಿದ್ದೆಹೋದ. ಫಕೀರಸಾಬ ಬಾಗಿಲಿನ ಎದುರು ಗೋಡೆಗೆ ಒರಗಿ ಕೂತ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಒಂದು ಸಣ್ಣ ದನಿ ಬಂತು. ಬೆಕ್ಕಿನ ಮರಿಯಂತೆ, ಬಿಟ್ಟು ಬಿಟ್ಟು. ಹೆಣ್ಣುಕೂಸು. ಉಸಿರಾಟ ಸರಿಯಿಲ್ಲ, ಬೆಳಗಾಗುವ ತನಕ ಏನೂ ಹೇಳಲು ಬರುವುದಿಲ್ಲ, ತಾಯಿಯದೂ ಹಾಗೆಯೇ ಎಂದು ನರ್ಸು ಹೇಳಿ ಹೋದಳು. ಆ ರಾತ್ರಿ ಅವನಿಗೆ ಗಾಡಿಯ ನೆನಪು ಒಮ್ಮೆಯೂ ಬರಲಿಲ್ಲ. ಇಷ್ಟು ದಿನಗಳಲ್ಲಿ ಅದೇ ಮೊದಲ ಸಲ.

ಬೆಳಕು ಹರಿದ ಮೇಲೆ ಡಾಕ್ಟರಮ್ಮ ಬಂದು ಇಬ್ಬರನ್ನೂ ನೋಡಿ, "ಉಳೀತಾರೆ," ಎಂದಳು.

"ಡಾಕ್ಟರ್ ಬಾಯಾರ, ಇನ್ನೊಂದೀಟು ತಡಾ ಆಗಿದ್ರ?" ಎಂದು ಫಕೀರಸಾಬ ಕೇಳಿದ.

"ಅದನ್ನ ಈಗ್ಯಾಕ ಕೇಳ್ತೀರಿ? ಹೋಗಿ ಚಹಾ ಕುಡಿಯಿರಿ."

ಚಹಾ ತರಲೆಂದು ಅವನು ಹೊರಗೆ ಬಂದ. ಗಾಡಿ ಒಂದು ಕಡೆ ವಾಲಿತ್ತು. ರಸ್ತೆಯ ಕಡೆಯ ಎರಡು ಗಾಲಿ, ಮುಂದಿನದೊಂದು, ಹಿಂದಿನದೊಂದು, ಇರಲಿಲ್ಲ. ಅಡಿಗೆ ಇಟ್ಟಿಗೆಗಳನ್ನು ಜೋಡಿಸಿದ್ದರು.

ಅವನ ತಲೆಯಲ್ಲಿ ಮೊದಲು ಬಂದದ್ದು ಖಂಡಪ್ಪನ ಹೆಸರು. ಗಾಡಿಯ ಹತ್ತಿರ ಇದ್ದವನು ಅವನೊಬ್ಬನೇ. ಆ ವಿಚಾರ ಬಂದು ಹೋಗಲು ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಆದರೆ ಬಂದದ್ದಂತೂ ಬಂದಿತ್ತು. ಆಗಲೇ ಖಂಡಪ್ಪ ಮೊಣಕೈಗೆ ಹತ್ತಿಯ ಪಟ್ಟಿ ಸುತ್ತಿಕೊಂಡು ಮೆಟ್ಟಿಲು ಇಳಿದು ಬಂದು, ಗಾಡಿ ನೋಡಿ, ಇಟ್ಟಿಗೆಗಳ ಪಕ್ಕ ಕೂತ. ಫಕೀರಸಾಬನಿಗೆ ಅವನ ಮುಖ ನೋಡಲಾಗಲಿಲ್ಲ.

"ನಾ ಇಲ್ಲೇ ಇರಬೇಕಿತ್ತು, ಕಾಕಾ."

"ನೀ ಇಲ್ಲೇ ಇದ್ದಿದ್ರ ಬೀಬಿ ಇರ್ತಿರ್ಲಿಲ್ಲ. ಏಳು."

ಖಂಡಪ್ಪ ಏಳಲಿಲ್ಲ. ಕೂತಲ್ಲಿಂದಲೇ ಹೇಳಿದ: "ಕಾಕಾ, ನನ್ನ ಗಾಲಿ ಹೋದ ದಿನ ನಾ ನಿಮ್ಮ ಮ್ಯಾಲ ಸಂಶಯ ಪಟ್ಟಿದ್ದೆ."

"ಗೊತ್ತದ."

"ನೀವು?"

ಫಕೀರಸಾಬ ಅವನ ಪಕ್ಕದಲ್ಲಿ ಕೂತ. "ಈಗಷ್ಟೇ ಪಟ್ಟೆ," ಎಂದ. "ನೀ ಮೆಟ್ಟಿಲಾ ಇಳಿಯೋದ್ರೊಳಗ."

ಖಂಡಪ್ಪ ಅವನನ್ನು ನೋಡಿದ. ಇಬ್ಬರಿಗೂ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎದುರಿನ ಅಂಗಡಿಯವನು ಎರಡು ಚಹಾ ತಂದಿಟ್ಟು ಹೋದ.

ಆ ಗಾಲಿಗಳು ಮತ್ತೆ ಸಿಗಲಿಲ್ಲ. ಕದ್ದವರು ಯಾರೆಂದೂ ತಿಳಿಯಲಿಲ್ಲ. ಖಂಡಪ್ಪನ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಗಾಲಿ ಉಳಿದಿತ್ತು, ಫಕೀರಸಾಬನ ಡಿಕ್ಕಿಯಲ್ಲಿ ಇನ್ನೊಂದು. ಇವೆರಡನ್ನೂ ಉಳಿದ ಎರಡು ಗಾಲಿಗಳಿಗೆ ಕೂಡಿಸಿ ಒಂದು ಗಾಡಿ ನಡೆಯುವಂತೆ ಮಾಡಿಕೊಂಡರು. ಹಗಲು ಫಕೀರಸಾಬ ಓಡಿಸಬೇಕು, ರಾತ್ರಿಯ ರೈಲುಗಳ ಗಿರಾಕಿಗಳನ್ನು ಖಂಡಪ್ಪ ನೋಡಿಕೊಳ್ಳಬೇಕು ಎಂದು ಮಾತಾಯಿತು. ಗಾಡಿ ಖಾಲಿ ನಿಲ್ಲುವುದೇ ಕಡಿಮೆಯಾಯಿತು. ಆದರೂ ಗುಂಡಗುರ್ತಿಯ ಕಡೆ ಹೋಗುವಾಗ ರಬ್ಬರ್ ಗಾಲಿಯ ಬಂಡಿ ಎದುರಾದರೆ ಫಕೀರಸಾಬನ ಕಣ್ಣು ಅದರ ಗಾಲಿಗಳ ಮೇಲೇ ಇರುತ್ತಿತ್ತು. ಒಂದೆರಡು ಸಲ ಇಳಿದು, ಬಂಡಿಯವನ ಹತ್ತಿರ ಬೀಡಿ ಕೇಳುವ ನೆಪದಲ್ಲಿ ಬಗ್ಗಿ ನೋಡಿಯೂ ಇದ್ದ. ತನ್ನ ಉಳಿಯ ಗುರುತು ಎಲ್ಲೂ ಕಾಣಲಿಲ್ಲ.

ಚಳಿಗಾಲದ ಕೊನೆಗೆ ಅಳಿಯ ಗುಲಾಮ್ ರಸೂಲ್ ಹೆಂಡತಿ ಮಗುವನ್ನು ಕರೆದೊಯ್ಯಲು ಬಂದ. ಫಕೀರಸಾಬ ತಾನೇ ಅವರನ್ನು ಚಿಂಚೋಳಿಗೆ ಬಿಡಲು ಹೊರಟ. ಸುಲೇಪೇಟದಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಿದರು. ಸಂತೆಯ ದಿನ, ಭಾಳ ಮಂದಿ. ಮಗಳು ಅಳಿಯ ಇಳಿದು ಹೋಟೆಲಿಗೆ ಹೋದರು. ಅವನು ಇಳಿಯಲಿಲ್ಲ.

ಬಿಬಿಜಾನ್ ತಿರುಗಿ ಬಂದು ಕಿಟಕಿಯಲ್ಲಿ ಬಗ್ಗಿದಳು. "ಬರ್ರಿ ಅಬ್ಬಾ. ಹಾಡಹಗಲಾಗ ಯಾರು ಬಿಚ್ತಾರ?"

"ಸೇಡಮ್ಮಿನ್ಯಾಗ ಹಗಲಾಗೇ ಬಿಚ್ಚಿದ್ರಂತ."

"ಬಿಚ್ಚಿದ್ರ ಬಿಚ್ಲಿ. ಬಸ್ಸಿಗಿ ಹೋಗೋಣ."

ಅವಳು ಬಾಗಿಲು ತೆರೆದು ನಿಂತಳು. ಅವನು ಇಳಿದ. ಹೋಟೆಲಿನ ಮುಂದಿನ ಬೆಂಚಿನಲ್ಲಿ ರಸ್ತೆಗೆ ಮುಖ ಮಾಡಿ ಕೂತ. ಬಿಬಿಜಾನ್ ಕೂಸನ್ನು ಅವನ ಕೈಗಿತ್ತು, ತನ್ನ ಚಹಾ ಆರುತ್ತಿದೆಯೆಂದು ಒಳಗೆ ಹೋದಳು. ಕೂಸು ಬೆರಳೆತ್ತಿ ಅವನ ಗಡ್ಡ ಹಿಡಿದು ಜಗ್ಗಿತು. ಅವನು ತಲೆ ಬಗ್ಗಿಸಿ ಅದರ ಜೊತೆ ಏನೇನೋ ಮಾತಾಡಿದ. ನಡುನಡುವೆ ಕಣ್ಣೆತ್ತಿ, ಮಂದಿಯ ಕಾಲುಗಳ ಸಂದಿಯಲ್ಲಿ ಗಾಲಿಗಳು ಕಾಣುತ್ತಿವೆಯೇ ಎಂದು ನೋಡುತ್ತಿದ್ದ.